ಹನ್ನೊಂದು ನಿಮಿಷದ ಆಕಾಶ

ಆಕಾಶವನ್ನು ಮುಚ್ಚಿ ನಾಲ್ಕು ವರ್ಷವಾಗಿತ್ತು. ಮುಚ್ಚಿದವರು ಯಾರನ್ನೂ ಒಂದು ಮಾತು ಕೇಳಿರಲಿಲ್ಲ. ಬೀದಿಯಲ್ಲಿ ನಳದ ಪೈಪಿಗೆ ಗುಂಡಿ ತೋಡುವಾಗಲಾದರೂ ಪಂಚಾಯಿತಿಯವರು ಗೋಡೆಗೊಂದು ನೋಟೀಸು ಅಂಟಿಸುತ್ತಾರೆ; ಆಕಾಶಕ್ಕೆ ಅಷ್ಟು ಮರ್ಯಾದೆಯೂ ಸಿಗಲಿಲ್ಲ. ಯರಿಹಾಳದ ಅನಸೂಯಾ ಪತ್ತಾರಳಿಗೆ ಸಂಗತಿ ತಿಳಿದದ್ದು ಒಂದು ಸೋಮವಾರ ರಾತ್ರಿ, ಅವಳ ರೇಡಿಯೊದಲ್ಲಿ ದೂರದೂರದ ಊರುಗಳೆಲ್ಲ ಒಂದೇ ಏಟಿಗೆ ಸುಮ್ಮನಾದಾಗ. ರೇಡಿಯೊ ಕೆಟ್ಟಿತೆಂದು ಅವಳು ಅದನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ್ದಳು.

ಅವಳಿಗೆ ಐವತ್ತೆರಡು ವರ್ಷ. ಅಪ್ಪ ಬಿಟ್ಟುಹೋದದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಮೋಟರ್ ವೈಂಡಿಂಗ್ ಅಂಗಡಿ ಮತ್ತು ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನಾದ ತಮ್ಮ ಬಸಲಿಂಗ. ತಮ್ಮನನ್ನು ಓದಿಸಿ, ಕಾಲುವೆ ಇಲಾಖೆಯಲ್ಲಿ ಗೇಟ್‌ಮನ್ ಕೆಲಸ ಸಿಗುವವರೆಗೂ ಸಾಹೇಬರ ಬೆನ್ನು ಹತ್ತಿ, ಕೊನೆಗೆ ಕಸ್ತೂರಿಯನ್ನು ತಂದು ಮದುವೆ ಮಾಡಿದವಳೂ ಅವಳೇ. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಹಂಗಾದ್ರ ರಾತ್ರಿ ರೇಡಿಯೋ ಯಾರ್ ಕೇಳ್ತಾರ?" ಎಂದು ನಕ್ಕು ತಳ್ಳಿಹಾಕುತ್ತಿದ್ದಳು. ಹಗಲೆಲ್ಲ ಸುಟ್ಟ ಪಂಪುಗಳ ಮೋಟರಿಗೆ ತಾಮ್ರದ ತಂತಿ ಸುತ್ತುವ ಕೈ ಅದು. ಅದೇ ತಂತಿಯನ್ನು ಮರದ ಅಡ್ಡಪಟ್ಟಿಗಳಿಗೆ ಸುತ್ತಿ, ಮಾಳಿಗೆಯ ಮೇಲೆ ಆಳೆತ್ತರದ ಆಂಟೆನಾ ನಿಲ್ಲಿಸಿದ್ದಳು. ಅದನ್ನು ಕೈಯಿಂದ ತಿರುಗಿಸುತ್ತಾ ಹೋದರೆ ದನಿ ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಗೊತ್ತಾಗುತ್ತಿತ್ತು.

ಈ ಹುಚ್ಚಿನ ಗುಟ್ಟೆಲ್ಲ ಮೇಲಿತ್ತು. ನೆಲದಿಂದ ಎಪ್ಪತ್ತು ಎಂಬತ್ತು ಕಿಲೋಮೀಟರು ಎತ್ತರದಲ್ಲಿ ಬಿಸಿಲಿನಿಂದ ಹುಟ್ಟುವ ಒಂದು ವಿದ್ಯುತ್ ಪದರವಿದೆ. ಹಗಲು ಹೊತ್ತು ಅದು ಮೀಡಿಯಂ ವೇವ್ ರೇಡಿಯೊದ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲೆ ಹೋಗಿ, ಅಲ್ಲಿರುವ ಇನ್ನೊಂದು ಪದರಕ್ಕೆ ಬಡಿದು, ಪುಟಿದು, ಸಾವಿರಾರು ಕಿಲೋಮೀಟರು ಆಚೆ ಇಳಿಯುತ್ತವೆ. ಹೀಗೆ ಇಳಿದು ಬಂದ ದನಿಗಳನ್ನು ಅನಸೂಯಾ ಹದಿನಾರನೆಯ ವಯಸ್ಸಿನಿಂದ ಹಿಡಿಯುತ್ತಿದ್ದಳು. ಕೇಳಿದ್ದನ್ನು ವಹಿಯಲ್ಲಿ ಬರೆದು ಆಯಾ ನಿಲ್ದಾಣಕ್ಕೆ ವರದಿ ಕಳಿಸಿದರೆ, ಅವರು ತಮ್ಮ ದಾಖಲೆಗೆ ತಾಳೆ ನೋಡಿ "ಹೌದು, ನೀವು ಕೇಳಿದ್ದು ನಮ್ಮನ್ನೇ" ಎಂದು ಒಂದು ಕಾರ್ಡು ಕಳಿಸುತ್ತಿದ್ದರು. ಇಂಥ ಕಾರ್ಡುಗಳು ಅವಳ ಟ್ರಂಕಿನಲ್ಲಿ ನಾನೂರಕ್ಕೂ ಹೆಚ್ಚಿದ್ದವು.

ಈ ಕೇಳುಗರ ಲೋಕದಲ್ಲಿ ಎರಡು ಕಟ್ಟಳೆ. ವಹಿಯನ್ನು ಯಾರೇ ಎಲ್ಲೇ ಬರೆಯಲಿ, ಗ್ರೀನಿಚ್ ಗಡಿಯಾರದಂತೆ ಬರೆಯಬೇಕು. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದೆ. ಎರಡನೆಯದು, ಕಿವಿಗೆ ಬಿದ್ದದ್ದನ್ನಷ್ಟೇ ಬರೆಯಬೇಕು. ಬೀಳದಿದ್ದರೆ ಆ ಜಾಗ ಖಾಲಿ ಬಿಡಬೇಕು. ಊಹಿಸಿ ತುಂಬಿದವನನ್ನು ಈ ಲೋಕದಲ್ಲಿ ಕಳ್ಳನಂತೆಯೇ ನೋಡುತ್ತಾರೆ.

ನಭಶ್ಛತ್ರ ನಿಗಮದವರು ಬಂದದ್ದು ಇಂಥ ಆಕಾಶಕ್ಕೆ. ಯರಿಹಾಳದಿಂದ ನಲವತ್ತು ಕಿಲೋಮೀಟರು ದೂರದ ಕಲ್ಲುದಿನ್ನೆಯ ಮೇಲೆ ಆರುನೂರು ಕಂಬ ನೆಟ್ಟು, ಹೊತ್ತು ಮುಳುಗಿದೊಡನೆ ಮೇಲಕ್ಕೆ ವಿದ್ಯುತ್ ಅಲೆ ಹಾಯಿಸಿ, ಆ ಕೆಳಗಿನ ಪದರ ರಾತ್ರಿಯೂ ಕರಗದಂತೆ ಹಿಡಿದಿಟ್ಟರು. ಯಾಕೆಂದರೆ ಮೀಡಿಯಂ ವೇವನ್ನು ಸರಕಾರ ಯಂತ್ರಗಳಿಗೆ ಕೊಟ್ಟಿತ್ತು. ಕರೆಂಟಿನ ಮೀಟರು, ಹೊಲದ ಪಂಪು, ಕಾಲುವೆಯ ಗೇಟು, ಎಲ್ಲವಕ್ಕೂ ಅದರಲ್ಲೇ ಅಪ್ಪಣೆ. ರಾತ್ರಿ ಹೊತ್ತು ದೂರದ ನಿಲ್ದಾಣಗಳು ಬಂದು ಈ ಅಪ್ಪಣೆಗಳಿಗೆ ಅಡ್ಡಿ ಮಾಡಬಾರದಲ್ಲ! ಜನ ಅದನ್ನು 'ಛತ್ರಿ' ಎಂದರು. ಛತ್ರಿ ಬಿಚ್ಚಿದ ದಿನ ದೊಡ್ಡವರೊಬ್ಬರು ಭಾಷಣ ಮಾಡಿ, "ಇಂದಿನಿಂದ ಯಾರೂ ಕೇಳದ ಗಲಾಟೆ ನಿಲ್ಲುತ್ತದೆ" ಎಂದಿದ್ದರು. 'ಯಾರೂ ಕೇಳದ' ಎಂಬ ಆ ಮಾತು ಅನಸೂಯಾಳ ಹೊಟ್ಟೆಯಲ್ಲಿ ನಾಲ್ಕು ವರ್ಷ ಉರಿಯುತ್ತಲೇ ಇತ್ತು.

ಆದರೂ ಅವಳು ಬಿಡಲಿಲ್ಲ. ಮೊದಲ ನಿದ್ದೆ ಮುಗಿಸಿ ಒಂದೂವರೆಗೆ ಎದ್ದು, ಮಾಳಿಗೆ ಹತ್ತಿ, ಅರ್ಧ ತಾಸು ಕುಳಿತೇ ಬರುತ್ತಿದ್ದಳು. ರೇಡಿಯೊದಲ್ಲಿ ಯಂತ್ರಗಳು ಅಪ್ಪಣೆ ಕೊಡುವ ಟಿಕ್‌ಟಿಕ್ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಕಸ್ತೂರಿ ತಮಾಷೆ ಮಾಡುತ್ತಿದ್ದಳು: "ಅಕ್ಕಾರ, ಬೀಗ ಹಾಕಿದ ಮನಿ ಮುಂದ ಕುಂತು ಯಾರನ್ನ ಕಾಯ್ತೀರಿ?" ವಹಿಯಲ್ಲಿ ಪ್ರತಿ ರಾತ್ರಿ ಅನಸೂಯಾ ತಾರೀಖು ಹಾಕಿ ಮುಂದೆ ಖಾಲಿ ಬಿಡುತ್ತಿದ್ದಳು. ನಾಲ್ಕು ವರ್ಷದ ಖಾಲಿ ಸಾಲುಗಳು.

ಆ ಬೇಸ್ತವಾರದ ಬೆಳಗಿನ ಜಾವ, ನಮ್ಮ ಗಡಿಯಾರದಲ್ಲಿ ಒಂದು ಗಂಟೆ ನಲವತ್ನಾಲ್ಕು ನಿಮಿಷಕ್ಕೆ, ಟಿಕ್‌ಟಿಕ್ ಹಿಂದೆ ಒಂದು ಹೆಂಗಸಿನ ದನಿ ಬಂತು. ಅನಸೂಯಾ ಆಂಟೆನಾವನ್ನು ಮೂಡಲಿಗೆ ತಿರುಗಿಸಿದಳು, ದನಿ ಏರಿತು. ಯಾವುದೋ ಪರದೇಶದ ಮಾತು. ಮೂರು ಸಲ ಗಂಟೆ ಬಾರಿಸಿತು. ಒಬ್ಬ ಗಂಡಸು ಮಾತಾಡುತ್ತಾ ಮಾತಾಡುತ್ತಾ ಕೆಮ್ಮಿದ, ಹೆಂಗಸು ನಕ್ಕಳು, ಅವನೂ ನಕ್ಕ. ಆಮೇಲೆ ಕೊಳಲಿನ ಹಾಡು. ಒಂದು ಐವತ್ತೈದಕ್ಕೆ ಎಲ್ಲ ಮುಳುಗಿತು. ಅದು ಥಾಯ್ಲೆಂಡಿನ ಕರಾವಳಿಯ ಒಂದು ಸಣ್ಣ ನಿಲ್ದಾಣವೆಂದು ಅವಳಿಗೆ ಗೊತ್ತಿತ್ತು, ಹಿಂದೆ ಹತ್ತಾರು ಸಲ ರೇಡಿಯೊ ಮುಳ್ಳಿನ ಅದೇ ಜಾಗದಲ್ಲಿ ಅದನ್ನು ಕೇಳಿದ್ದಳು. ಆದರೆ ಆ ರಾತ್ರಿ ಹೆಸರು ಕಿವಿಗೆ ಬಿದ್ದಿರಲಿಲ್ಲ. ವಹಿಯಲ್ಲಿ ತಾರೀಖು ಹದಿನೇಳು, ಸಮಯ ಇಪ್ಪತ್ತು ಹದಿನಾಲ್ಕು ಎಂದು ಗ್ರೀನಿಚ್ ಲೆಕ್ಕದಲ್ಲಿ ಬರೆದು, ಗಂಟೆ, ಕೆಮ್ಮು, ನಗು, ಕೊಳಲು ಎಲ್ಲವನ್ನೂ ಹಾಕಿ, ನಿಲ್ದಾಣದ ಹೆಸರಿನ ಜಾಗ ಖಾಲಿ ಬಿಟ್ಟಳು. ಖುಷಿಗೆ ಕಣ್ಣಲ್ಲಿ ನೀರು ಬಂತು.

ಆ ಖುಷಿ ಬೆಳಗಾಗುವವರೆಗೂ ಉಳಿಯಲಿಲ್ಲ.

ಬಸಲಿಂಗ ನೋಡಿಕೊಳ್ಳುತ್ತಿದ್ದ ಇನ್ನೂರ ಹನ್ನೆರಡನೆಯ ನಂಬರಿನ ಗೇಟು ಅದೇ ರಾತ್ರಿ ಒಂದು ನಲವತ್ತಾರಕ್ಕೆ ತೆರೆದುಕೊಂಡಿತ್ತು. ಆ ತಿಂಗಳು ಆ ಉಪಕಾಲುವೆಗೆ ನೀರು ಬಿಡುವಂತಿರಲಿಲ್ಲ. ಒಣಗಿದ ಕಾಲುವೆಯ ತಳದಲ್ಲಿ, ಗಾಳಿಗೆ ಮರೆಯಾಗಿ, ಕುರಿ ತರುಬಿಕೊಂಡು ಮೂವರು ಕುರುಬರು ಮಲಗಿದ್ದರು. ಮಾಳವ್ವ ಎಂಬಾಕೆಯ ಗಂಡ ಮತ್ತು ಇಬ್ಬರು ಮೈದುನರು. ದಂಡೆಯ ಮೇಲೆ ಮರಿಗಳ ಜೊತೆ ಮಲಗಿದ್ದ ಮಾಳವ್ವ ಒಬ್ಬಳೇ ಉಳಿದಳು.

ನಿಗಮದವರು ಮಧ್ಯಾಹ್ನದೊಳಗೆ ಕೈ ತೊಳೆದುಕೊಂಡರು. "ನಮ್ಮ ಕೇಂದ್ರದಿಂದ ಆ ಗೇಟಿಗೆ ಯಾವ ಅಪ್ಪಣೆಯೂ ಹೋಗಿಲ್ಲ. ಆದ್ದರಿಂದ ಕೈಯಿಂದಲೇ ತೆಗೆದಿರಬೇಕು. ಕೀಲಿ ಇದ್ದದ್ದು ಗೇಟ್‌ಮನ್ ಹತ್ತಿರ." ಕಾಲುವೆಯ ಕೊನೆ ಭಾಗದ ರೈತರಿಂದ ಲಂಚ ತಿಂದು ಕದ್ದು ನೀರು ಬಿಟ್ಟನೆಂದು ಸಂಜೆಗೆಲ್ಲ ಊರೂರು ಮಾತಾಯಿತು. ಗೇಟು ತೆರೆದ ಹೊತ್ತಿನಲ್ಲಿ ಮನೆಯಲ್ಲಿ ಹೆಂಡತಿಯ ಪಕ್ಕದಲ್ಲಿ ಮಲಗಿದ್ದ ಬಸಲಿಂಗನನ್ನು ಪೊಲೀಸರು ಎಳೆದೊಯ್ದರು. ಸತ್ತವರ ಕಡೆಯವರು ಠಾಣೆಯ ಮುಂದೆಯೇ ಅವನನ್ನು ಹಿಡಿದು ಬಡಿದರು. ಹದಿನಾಲ್ಕು ದಿನದ ಮೇಲೆ ಜಾಮೀನಿನ ಮೇಲೆ ಮನೆಗೆ ಬಂದಾಗ ಅವನ ಎಡಗಿವಿ ಕೇಳುತ್ತಿರಲಿಲ್ಲ. ಇಲಾಖೆಯ ವಿಚಾರಣೆಯ ವರದಿ ಅವನ ಹೆಸರು ಹೇಳಿದರೆ ಮುಂದೆ ಜೈಲೇ ಗತಿ.

ಅಂದು ರಾತ್ರಿ ಒಲೆಯ ಮುಂದೆ ಕುಳಿತು ಬಸಲಿಂಗ ರೊಟ್ಟಿ ಮುರಿಯುತ್ತಾ ಹೇಳಿದ, "ಅಕ್ಕಾ, ಟ್ರೇನಿಂಗಿಗಿ ನನ್ನ ಮೂಡಲ ಕರಾವಳಿಗೆ ಕಳಿಸಿದ್ರಲ್ಲ, ಅಲ್ಲಿ ಕಾಲುವಿಗೂ ಒಂದು ಇನ್ನೂರ ಹನ್ನೆರಡು ಐತಿ. ಆಕಾಶ ಮುಚ್ಚಿದ ಮ್ಯಾಲೆ ನಂಬರು ತಿರುಗಿ ತಿರುಗಿ ಅವನ್ನ ಹಾಕ್ಯಾರ. ಅಲ್ಲಿ ಮಾತು ಇಲ್ಲಿಗಿ ಬರೂದಿಲ್ಲ, ಇಲ್ಲಿ ಮಾತು ಅಲ್ಲಿಗಿ ಹೋಗೂದಿಲ್ಲ ಅಂದಿದ್ರು."

ಅನಸೂಯಾ ತಟ್ಟೆ ಕೆಳಗಿಟ್ಟಳು. "ಆ ಗೇಟು ಯಾವಾಗ ತೆಗೀತಾರ?"

"ವಾರಕ್ಕೊಮ್ಮಿ ಪಾಳಿ. ಬೇಸ್ತವಾರ ಬೆಳಗಿನ ಜಾವ, ಪಾವ್ ಕಮ್ಮಿ ಎರಡಕ್ಕ, ಒಂದು ನಲವತ್ತೈದಕ್ಕ."

ತಾನು ಮಾಳಿಗೆಯ ಮೇಲೆ ಕೊಳಲು ಕೇಳುತ್ತಾ ಕಣ್ಣೊರೆಸಿಕೊಂಡ ಆ ಹೊತ್ತಿನಲ್ಲೇ ಛತ್ರಿ ಹರಿದ ಅದೇ ತೂತಿನಿಂದ, ಆ ಕರಾವಳಿಯ ಗೇಟಿಗೆ ಹೊರಟ ಅಪ್ಪಣೆಯಾಗಿ, ಮೂವರ ಸಾವೂ ಇಳಿದು ಬಂದಿತ್ತು.

*

ಛತ್ರಿಯ ನಿಯಂತ್ರಣ ಕೊಠಡಿಯಲ್ಲಿ ಪಾಳಿಯ ಮುಖ್ಯಸ್ಥನಾಗಿದ್ದವನು ವಾದಿರಾಜ ಕಟ್ಟಿ. ಅನಸೂಯಾಳಿಗೆ ಅವನು ಹೊಸಬನಲ್ಲ. ಇಂಜಿನಿಯರಿಂಗ್ ಓದುವಾಗ ಶನಿವಾರ ಶನಿವಾರ ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಬಂದು ಅವಳ ಮಾಳಿಗೆಯ ಮೇಲೆ ಕುಳಿತು ದೂರದ ನಿಲ್ದಾಣ ಹಿಡಿಯಲು ಕಲಿತವನು. ಅವಳ ಕೈಯ ಜುಣಕದ ವಡೆ ತಿಂದವನು. ನಿಗಮಕ್ಕೆ ಸೇರಿದ ಮೇಲೆ ಈ ಕಡೆ ತಲೆ ಹಾಕಿರಲಿಲ್ಲ.

ಅವಳು ಕಲ್ಲುದಿನ್ನೆಗೆ ಹೋದಾಗ ಕಾಂಪೌಂಡಿನ ಗೇಟಿಗೆ ಬಂದು ಅವನೇ ಅವಳನ್ನು ಒಳಗೆ ಕರೆದೊಯ್ದ. ದೊಡ್ಡ ಕೋಣೆ, ತಣ್ಣಗಿನ ಗಾಳಿ, ಗೋಡೆಯ ತುಂಬ ದಕ್ಷಿಣ ಭಾರತದ ಹಸಿರು ನಕಾಶೆ. ಮೇಲೆ 'ಛತ್ರ ಅಖಂಡ' ಎಂದು ಮಿನುಗುತ್ತಿತ್ತು.

"ಹದಿನೆಂಟನೇ ತಾರೀಖು ಬೆಳಗಿನ ಜಾವ ಒಂದು ನಲವತ್ನಾಲ್ಕಕ್ಕ ನಿಮ್ಮ ಛತ್ರಿ ಹರದಿತ್ತೋ ಇಲ್ಲೋ?" ಕುಳಿತುಕೊಳ್ಳದೆಯೇ ಕೇಳಿದಳು.

"ಇಲ್ಲ ಅಕ್ಕಾ. ನೀವೇ ನೋಡ್ರಿ." ಅವನು ಪರದೆಯ ಮೇಲೆ ಆ ರಾತ್ರಿಯ ಗೆರೆ ತಂದ. ಛತ್ರಿಯ ಬಲ ತೋರಿಸುವ ಗೆರೆ. ಎಲ್ಲೂ ಬಿದ್ದಿರಲಿಲ್ಲ.

ಮೂವತ್ತಾರು ವರ್ಷ ರೇಡಿಯೊ ಮುಳ್ಳುಗಳ ಅಲುಗಾಟ ನೋಡಿ ಪಳಗಿದ ಕಣ್ಣು ಅದು. ಗೆರೆ ರಾತ್ರಿಯಿಡೀ ಸಣ್ಣಗೆ ನಡುಗುತ್ತಿತ್ತು. ಒಂದು ನಲವತ್ನಾಲ್ಕರಿಂದ ಒಂದು ಐವತ್ತೈದರವರೆಗೆ ಮಾತ್ರ ಅಳತೆಪಟ್ಟಿ ಇಟ್ಟು ಎಳೆದಷ್ಟು ನೆಟ್ಟಗಿತ್ತು. ಅವಳು ಅಲ್ಲಿ ಬೆರಳಿಟ್ಟಳು.

"ಇಲ್ಲಿ ಯಾಕ ನಡಗವಲ್ದು?"

ವಾದಿರಾಜ ಆಚೀಚೆ ನೋಡಿ ದನಿ ತಗ್ಗಿಸಿದ. "ಅಳತಿ ಬರಲಿಲ್ಲ ಅಂದ್ರ ಹಿಂದಿನ ತಾಸಿನ ಸರಾಸರಿಯನ್ನ ಯಂತ್ರನೇ ತುಂಬತದ. ನಿಯಮನೇ ಹಂಗ ಅದ."

"ಅಂದ್ರ ಆ ಹನ್ನೊಂದು ನಿಮಿಷ ಏನಾತು ಅನ್ನೂದು ನಿಮಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ಬರದೀರಿ."

"ಗೊತ್ತದ," ಎಂದ ಅವನು. ಅಷ್ಟು ಹೇಳಿದವನಿಗೆ ಮುಂದೆ ಸುಳ್ಳು ಹೇಳುವ ಶಕ್ತಿ ಉಳಿಯಲಿಲ್ಲ. "ಮೂಡಲ ಸಾಲಿನ ಕಂಬಗಳಿಗೆ ಕರೆಂಟ್ ಹೋಗಿತ್ತು. ಪಾಳಿಗೆ ನಾನೇ ಇದ್ದೆ. ಬೆಳಿಗ್ಗೆ ಮ್ಯಾಲಿನವರಿಗೆ ಹೇಳಿದೆ. ಪಟದೊಳಗಿನ ಗೆರಿ ಸರಿ ಅದಲ್ಲ, ಸುಮ್ಮನಿರು ಅಂದ್ರು. ಕಾಗದಕ್ಕ ಸಹಿ ಮಾಡಿಸಿಕೊಂಡ್ರು. ಅಕ್ಕಾ, ನನಗ ಇಬ್ಬರು ಹೆಣ್ಣುಮಕ್ಕಳಿದ್ದಾರ."

ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು ಅನಸೂಯಾಳಿಗೆ. ಖಾಲಿ ಜಾಗ ಖಾಲಿ ಬಿಡುವುದನ್ನು ಇವನಿಗೆ ಕಲಿಸಲು ಒಂದು ವರ್ಷ ಹಿಡಿದಿತ್ತು.

"ಸತ್ತವರಿಗೂ ಮಕ್ಕಳಿದ್ವು," ಎಂದಳು. "ನನ್ನ ತಮ್ಮನ ಕಿವಿ ಹೋತು. ನಿನ್ನ ಸಹಿಯಿಂದ. ವಿಚಾರಣಿಗಿ ಬಂದು ಇದನ್ನ ಹೇಳ್ತಿಯೋ ಇಲ್ಲೋ?"

ಹೊರಗೆ ಬಿಡಲು ಬಂದವನು ಗೇಟಿನ ಹತ್ತಿರ "ಊಟ ಮಾಡಿ ಹೋಗ್ರಿ ಅಕ್ಕಾ" ಎಂದ. ಅವಳು ತಿರುಗಿ ನೋಡದೆ ಬಸ್ಸಿಗೆ ನಡೆದಳು.

*

ವಿಚಾರಣೆಯ ಕೊನೆಯ ದಿನ ಬುಧವಾರ. ಹಿಂದಿನ ಸಂಜೆ ಅನಸೂಯಾ ವಹಿ ತೆಗೆದು ಕುಳಿತಳು. ಸಾಹೇಬರಿಗೆ ಗ್ರೀನಿಚ್ ಗಡಿಯಾರ ಅರ್ಥವಾಗಲಿಕ್ಕಿಲ್ಲ, ನಮ್ಮ ಸಮಯಕ್ಕೆ ಇಳಿಸಿ ಚೆನ್ನಾಗಿ ಬರೆದುಕೊಟ್ಟರೆ ಒಳ್ಳೆಯದು ಎಂದು ಒಂದು ಬಿಳಿ ಹಾಳೆಯ ಮೇಲೆ ಆ ರಾತ್ರಿಯದನ್ನೆಲ್ಲ ದುಂಡಗೆ ನಕಲು ಮಾಡತೊಡಗಿದಳು. ಥಾಯ್ಲೆಂಡಿಗೆ ವರದಿ ಕಳಿಸಿ ಆಗಿತ್ತು. ಉತ್ತರ ಬರಲು ಮೂರು ತಿಂಗಳಾದರೂ ಬೇಕು.

ಕಸ್ತೂರಿ ಪಕ್ಕದಲ್ಲಿ ಬಂದು ಕುಳಿತಳು. ಈಗ ಅವಳು ತಮಾಷೆ ಮಾಡುತ್ತಿರಲಿಲ್ಲ. "ಅಕ್ಕಾರ, ಇಲ್ಲಿ ಒಂದು ಜಾಗ ಖಾಲಿ ಬಿಟ್ಟೀರಿ."

"ಹೆಸರು ಕೇಳಲಿಲ್ಲ ನಾ."

"ಯಾವ ಸ್ಟೇಷನ್ ಅಂತ ನಿಮಗ ಗೊತ್ತೈತೆಲ್ಲ?"

"ಗೊತ್ತೈತಿ."

"ಹಂಗಾದ್ರ ಬರೀರಿ! ಕೇಳಿದೆ ಅಂತ ಬರದ್ರ ಯಾರ್ ನೋಡ್ತಾರ? ನನ್ನ ಗಂಡ ಜೈಲಿಗಿ ಹೋಗಾಕತ್ತಾನ್ರಿ, ಇವರು ಖಾಲಿ ಬಿಡ್ತಾರಂತ ಖಾಲಿ!" ಕಸ್ತೂರಿ ಪೆನ್ನು ಕಿತ್ತುಕೊಂಡಳು. ಅನಸೂಯಾ ಅದನ್ನು ಮತ್ತೆ ಕಿತ್ತುಕೊಂಡಳು. ಇಬ್ಬರೂ ಏರುದನಿಯಲ್ಲಿ ಕೂಗಾಡಿದರು. ಕೊನೆಗೆ ಕಸ್ತೂರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಅನಸೂಯಾ ಸಿಟ್ಟಿನಲ್ಲೇ ಉಳಿದದ್ದನ್ನು ನಕಲು ಮಾಡಿ, ಹಾಳೆ ಮಡಚಿ, ವಹಿಯೊಳಗಿಟ್ಟು ಮಲಗಿದಳು. ಹೆಸರಿನ ಜಾಗ ಖಾಲಿಯೇ ಇತ್ತು. ತಪ್ಪಾದದ್ದು ಬೇರೆ ಕಡೆ.

ತಾಲೂಕು ಕಚೇರಿಯ ಸಭಾಂಗಣದಲ್ಲಿ ವಿಚಾರಣಾಧಿಕಾರಿ ಮೇಟಿಯವರು ಮಧ್ಯದಲ್ಲಿ ಕುಳಿತಿದ್ದರು. ನಿಗಮದ ಪರವಾಗಿ ಬೆಂಗಳೂರಿನಿಂದ ಬಂದ ವಕೀಲ. ಹಿಂದಿನ ಬೆಂಚಿನಲ್ಲಿ ಮಾಳವ್ವ ತನ್ನ ಕಡೆಯವರ ಜೊತೆ. ಕಂಬಳಿ ಹೊದ್ದು, ಬಸಲಿಂಗನ ಬೆನ್ನನ್ನೇ ದಿಟ್ಟಿಸುತ್ತಿದ್ದಳು. ವಾದಿರಾಜನ ಕುರ್ಚಿ ಖಾಲಿ. ಅನಾರೋಗ್ಯವೆಂದು ಪತ್ರ ಕಳಿಸಿದ್ದ.

ವಕೀಲ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಓದಿದ. "ತಾರೀಖು ಹದಿನೇಳು, ಬೆಳಗಿನ ಜಾವ ಒಂದು ನಲವತ್ನಾಲ್ಕು. ಅಮ್ಮಾ, ದುರಂತ ನಡೆದದ್ದು ಹದಿನೆಂಟರಂದು. ನೀವು ಒಂದು ದಿನ ಮೊದಲೇ ಕೇಳಿಬಿಟ್ಟಿದ್ದೀರಲ್ಲ?"

ಅನಸೂಯಾ ಹಾಳೆಯತ್ತ ಬಾಗಿ ನೋಡಿದಳು. ಗ್ರೀನಿಚ್ ಲೆಕ್ಕದಲ್ಲಿ ತಾರೀಖು ಬದಲಾಗುವುದು ನಮ್ಮ ಬೆಳಗಿನ ಐದೂವರೆಗೆ. ಮೂವತ್ತಾರು ವರ್ಷ ಹಾಗೆಯೇ ಬರೆದು ಬರೆದು ಅವಳ ಕೈಗೆ ಹದಿನೇಳೇ ಅಂಟಿಕೊಂಡಿತ್ತು. ಸಮಯವನ್ನು ನಮ್ಮದಕ್ಕೆ ಇಳಿಸಿದವಳು ತಾರೀಖನ್ನು ಇಳಿಸಲು ಮರೆತಿದ್ದಳು.

"ಅದು ನಕಲು ಮಾಡೂವಾಗ ಆದ ತಪ್ಪು, ಸಾಹೇಬ್ರ. ಮೂಲ ವಹಿ ನೋಡ್ರಿ."

ವಕೀಲ ವಹಿ ತೆಗೆದ. "ಇಲ್ಲಿ ಹದಿನೇಳು, ರಾತ್ರಿ ಎಂಟು ಹದಿನಾಲ್ಕು. ಇದು ಮೂರನೆಯ ಸಮಯ! ಯಾವುದನ್ನು ನಂಬೋಣ?"

"ಅದು ಗ್ರೀನಿಚ್ ಟೈಮು. ನಮ್ಮ ಲೋಕದಾಗ ಎಲ್ಲಾರೂ ಹಂಗ ಬರೀತಾರ."

"ಯರಿಹಾಳದಲ್ಲಿ ಕೂತು ಲಂಡನ್ನಿನ ಸಮಯ?" ಕೆಲವರು ನಕ್ಕರು. "ಸರಿ. ಕೇಳಿದ್ದು ಯಾವ ನಿಲ್ದಾಣ?"

ಕಸ್ತೂರಿ ಉಸಿರು ಬಿಗಿಹಿಡಿದದ್ದು ಅನಸೂಯಾಳಿಗೆ ಕೇಳಿಸಿತು.

"ಹೆಸರು ಕಿವಿಗಿ ಬೀಳಲಿಲ್ಲ."

"ಯಾವುದೋ ದಿನ, ಯಾವುದೋ ಹೊತ್ತು, ಯಾವುದೋ ನಿಲ್ದಾಣ," ಎಂದು ವಕೀಲ ಹಾಳೆಯನ್ನು ಮೇಜಿನ ಮೇಲೆ ಬಿಟ್ಟ.

"ಹಂಗಾದ್ರ ಪರೀಕ್ಷಾ ಮಾಡ್ರಿ!" ಅನಸೂಯಾಳ ದನಿ ಅವಳಿಗೇ ಗೊತ್ತಿಲ್ಲದಷ್ಟು ಏರಿತ್ತು. "ಇವತ್ತ ರಾತ್ರಿ ಮತ್ತ ಬೇಸ್ತವಾರದ ಪಾಳಿ. ಮೂಡಲ ಕರಾವಳಿಯೊಳಗ ಇದೇ ನಂಬರಿನ ಗೇಟಿಗೆ ಮತ್ತ ಅಪ್ಪಣಿ ಹೋಗತೈತಿ. ಮೂಡಲ ಸಾಲು ಹನ್ನೊಂದು ನಿಮಿಷ ಆರಿಸ್ರಿ. ಕಾಲುವಿ ಖಾಲಿ ಮಾಡಿಸಿ, ನೀವೂ ಬಂದು ನಿಲ್ಲರಿ. ನನ್ನ ತಮ್ಮನ್ನ ಕಣ್ಣ ಮುಂದ ಕುಂದರಿಸಿಕೊಳ್ಳರಿ. ಗೇಟು ತಾನಾಗಿ ತೆಗೀಲಿಲ್ಲಂದ್ರ ಇವನ ಜೋಡಿ ನನ್ನನ್ನೂ ಜೈಲಿಗಿ ಹಾಕ್ರಿ!"

ಮೇಟಿಯವರು ವಕೀಲನ ಕಡೆ ನೋಡಿದರು. ವಕೀಲ ನಕ್ಕ. "ಲಕ್ಷಾಂತರ ಯಂತ್ರಗಳ ವ್ಯವಸ್ಥೆ ಸರ್. ಒಬ್ಬ ಹೆಂಗಸಿನ ಹಟಕ್ಕೆ ಆರಿಸಲು ಬರುವುದಿಲ್ಲ."

"ಅಂಥ ಆದೇಶ ಕೊಡೂ ಅಧಿಕಾರ ನನಗಿಲ್ಲಮ್ಮ," ಎಂದರು ಮೇಟಿ. ಕನ್ನಡಕ ತೆಗೆದು ಒರೆಸಿಕೊಂಡರು. ನಾಳೆ ಸಂಜೆಯೊಳಗೆ ವರದಿ ಕಳಿಸುವುದಾಗಿ ಹೇಳಿ ಎದ್ದುಬಿಟ್ಟರು.

ಹೊರಗೆ ಬೇವಿನ ಮರದ ಕೆಳಗೆ ಮಾಳವ್ವ ಅಡ್ಡ ನಿಂತಳು. ಅಲ್ಲಿಯವರೆಗೆ ಅವಳು ಈ ಮನೆಯವರೊಡನೆ ಒಂದು ಮಾತೂ ಆಡಿರಲಿಲ್ಲ.

"ನೀ ಒಳಗ ಅಂದಿದ್ದು ಖರೇನ?"

"ಖರೇನವ್ವಾ."

"ನಾ ಬರ್ತೀನಿ ಗೇಟಿಗಿ. ಆದ್ರ ಇವನ ಕೈ ನಾನ ಕಟ್ಟತೀನಿ."

ಬಸಲಿಂಗ ತಲೆಯಾಡಿಸಿದ.

ಸಂಜೆ ಅನಸೂಯಾ ವಾದಿರಾಜನಿಗೆ ಫೋನು ಮಾಡಿದಳು. ಅವನು ಎತ್ತಿದ. ಉಸಿರಾಟ ಮಾತ್ರ ಕೇಳುತ್ತಿತ್ತು. "ಅನಾರೋಗ್ಯ ಅಂತ ಬರದಿಯಂತ. ರಾತ್ರಿ ಪಾಳಿಗಿ ಆರಾಮ ಆಗಿ ಹೋಗ್ತಿ, ನನಗ ಗೊತ್ತೈತಿ," ಎಂದಳು. "ಒಂದು ನಲವತ್ನಾಲ್ಕಕ್ಕ ನಾವೆಲ್ಲಾ ಗೇಟಿನ ಮುಂದಿರ್ತೀವಿ. ಕಾಲುವಿ ತಳ ಎರಡು ಕಿಲೋಮೀಟರು ನಡದು ನೋಡ್ತೀವಿ, ಒಂದು ಇಲಿ ಸುದ್ದಾ ಇರೂದಿಲ್ಲ. ಮೂಡಲ ಸಾಲು ಆರಿಸು. ಆರಿಸಲಿಲ್ಲಂದ್ರ ನಾಳೆ ನನ್ನ ತಮ್ಮನ ಹೆಸರಿನ ಮುಂದ ಮೂರು ಹೆಣ ಬರೀತಾರ, ಅದಕ್ಕೂ ನೀನ ಸಹಿ ಮಾಡು." ಫೋನು ಕಡಿದುಹೋಯಿತು.

*

ಬಸಲಿಂಗನ ಜೊತೆಯ ಗೇಟ್‌ಮನ್‌ಗಳು ನಾಲ್ಕು ಜನ ಬ್ಯಾಟರಿ ಹಿಡಿದು, ತಗಡು ಬಡಿಯುತ್ತಾ ಕಾಲುವೆಯ ತಳದುದ್ದಕ್ಕೂ ನಡೆದು ಬಂದರು. ಜನ ಸೇರಿದ್ದಾರೆಂದು ಠಾಣೆಯಿಂದ ಹವಾಲ್ದಾರನೊಬ್ಬ ಬಂದು ದಂಡೆಯ ಮೇಲೆ ಮೋಟರ್‌ಸೈಕಲ್ಲಿಗೆ ಒರಗಿ ನಿಂತಿದ್ದ. ಎರೆಹೊಲದ ಮೇಲಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು.

ಮಾಳವ್ವ ಸೊಂಟದಿಂದ ಕುರಿ ಕಟ್ಟುವ ಹುರಿ ತೆಗೆದು ಬಸಲಿಂಗನ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿದಳು. ಬಿಗಿಯುವಾಗ ಕರುಣೆ ತೋರಿಸಲಿಲ್ಲ. ಕಸ್ತೂರಿ ಅಳುತ್ತಾ ನೋಡಿದಳು. ಗೇಟಿನಿಂದ ಮೂವತ್ತು ಮಾರು ದೂರದಲ್ಲಿ ಅವನನ್ನು ಕೂರಿಸಿ, ಅವನ ಹೆಗಲ ಮೇಲೆ ಕೈಯಿಟ್ಟು ಮಾಳವ್ವ ಪಕ್ಕದಲ್ಲೇ ಕುಳಿತಳು.

ಅನಸೂಯಾ ರೇಡಿಯೊ ಮಡಿಲಲ್ಲಿಟ್ಟುಕೊಂಡಿದ್ದಳು. ಟಿಕ್, ಟಿಕ್, ಟಿಕ್. ಒಂದು ನಲವತ್ತು. ಒಂದು ನಲವತ್ನಾಲ್ಕು. ಏನೂ ಆಗಲಿಲ್ಲ. ಒಂದು ನಲವತ್ತೈದಕ್ಕೆ ಹವಾಲ್ದಾರ ಆಕಳಿಸಿ, "ನಡೀರಿ ಇನ್ನ, ಮನಿಗಿ ಹೋಗೂನು," ಎಂದ. ಮಾಳವ್ವನ ಕಡೆಯವನೊಬ್ಬ ಎದ್ದು ಬಸಲಿಂಗನ ಕಡೆ ಹೊರಟ. ಅನಸೂಯಾಳಿಗೆ ತನ್ನ ಮೇಲೆಯೇ ಅಸಹ್ಯ ಬಂತು. ಅಂಜುಬುರುಕನೊಬ್ಬನ ಉಸಿರಾಟ ನಂಬಿ ಎಲ್ಲರನ್ನೂ ಇಲ್ಲಿಗೆ ಕರೆತಂದಿದ್ದಳು.

ಆಗ ರೇಡಿಯೊ ಬಾಯಿ ಬಿಟ್ಟಿತು. ಒಂದು ಭಾಷೆಯಲ್ಲ, ಒಂದರ ಮೇಲೊಂದು ಐದಾರು ಭಾಷೆ. ಎಲ್ಲೋ ಪ್ರಾರ್ಥನೆ, ಎಲ್ಲೋ ತಬಲದಂಥ ವಾದ್ಯ, ಯಾರೋ ಸಿಟ್ಟಿನಿಂದ ಓದುವ ಸುದ್ದಿ. ಬಸಲಿಂಗನ ಕಡೆ ಹೊರಟವನು ಅಲ್ಲೇ ನಿಂತ. ಅದರ ನಡುವೆ ಟಿಕ್‌ಟಿಕ್ ಒಮ್ಮೆ ದಟ್ಟವಾಗಿ ಕೇಳಿಸಿ ನಿಂತಿತು.

ಇನ್ನೂರ ಹನ್ನೆರಡರ ಮೋಟರು ಗುರ್ ಎಂದಿತು. ಯಾರೂ ಅದರ ಹತ್ತಿರವಿರಲಿಲ್ಲ. ಕಬ್ಬಿಣದ ಬಾಗಿಲು ಕಿರುಗುಟ್ಟುತ್ತಾ, ಗೇಣು ಗೇಣಾಗಿ ಮೇಲೇರಿತು. ಅದರ ಕೆಳಗಿಂದ ನೀರು ನುಗ್ಗಿ ಬಂದು, ಮೂವರು ಮಲಗಿದ್ದ ಜಾಗವನ್ನು ತುಂಬಿಕೊಂಡು ಹೋಯಿತು.

ಮಾಳವ್ವನ ಬಾಯಿಂದ ಬಂದದ್ದು ಅಳುವಲ್ಲ. ಹೊಟ್ಟೆಯಾಳದಿಂದ ಕೂಗಿದಳು, ಮೂರು ಸಲ, ಮೂವರ ಹೆಸರನ್ನೂ. ಆಮೇಲೆ ಬಸಲಿಂಗನ ಬೆನ್ನ ಹಿಂದೆ ಕುಳಿತು ಹುರಿ ಬಿಚ್ಚಲು ನೋಡಿದಳು. ತಾನೇ ಬಿಗಿದ ಗಂಟು ಬೆರಳಿಗೆ ಬಗ್ಗಲಿಲ್ಲ; ಹಲ್ಲಿನಿಂದ ಕಚ್ಚಿ ಬಿಡಿಸಿದಳು. ಅವನ ಮುಂಗೈಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ತನ್ನ ಕಂಬಳಿಯ ಅಂಚಿನಿಂದ ಒರೆಸಿದಳು.

ಹವಾಲ್ದಾರ ಪಂಚನಾಮೆಯ ಪುಸ್ತಕ ತೆಗೆದಿದ್ದ. ಗೇಟ್‌ಮನ್ ಒಬ್ಬ ಓಡಿಹೋಗಿ ಕೈಗಾಲಿ ತಿರುವಿ ಗೇಟು ಇಳಿಸತೊಡಗಿದ. ಅನಸೂಯಾಳ ಮೊಬೈಲು ಬಡಿದುಕೊಂಡಿತು. ವಾದಿರಾಜ.

"ಅಕ್ಕಾ, ಆರಿಸೀನಿ. ಗೇಟು..." ಅವನ ಹಿಂದೆ ಯಾರೋ ಬಾಗಿಲು ಗುದ್ದುತ್ತಿದ್ದರು. "ನನ್ನ ಕೆಲಸ ಹೋತು ಅಕ್ಕಾ. ಇವರು ನನ್ನ ಬಿಡೂದಿಲ್ಲ."

"ಗೇಟು ತೆಗೀತು," ಎಂದಳು ಅವಳು. ಅವನು ಬಿಕ್ಕಿದ. ಒಂದು ಒಳ್ಳೆಯ ಮಾತಿಗಾಗಿ ಕಾಯುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಅವಳು ಫೋನು ಇಟ್ಟಳು.

ಮಾಳವ್ವ ಎದ್ದು ಬಂದು ಎದುರಿಗೆ ನಿಂತಿದ್ದಳು. "ಅಂದು ರಾತ್ರಿ ಇದು ಗೊತ್ತಿದ್ದವ ಯಾರು? ಗೊತ್ತಿದ್ದು ಬಾಯಿ ಮುಚ್ಚಿಕೊಂಡವ? ನನಗ ಹೆಸರು ಬೇಕು."

ಕಸ್ತೂರಿ ಅನಸೂಯಾಳ ತೋಳು ಹಿಡಿದಳು. "ಅಕ್ಕಾರ, ಅವ ಈಗ ನಮ್ಮ ಮನಿ ಉಳಿಸ್ಯಾನ್ರಿ."

ಉಳಿಸಿದ್ದ, ನಿಜ. ಇಪ್ಪತ್ತೊಂದು ದಿನ ತಡವಾಗಿ, ಒಂದು ಕಿವಿ ಹೋದ ಮೇಲೆ. ಈ ಹೆಂಗಸು ಇಪ್ಪತ್ತೊಂದು ದಿನ ತಪ್ಪು ಮನುಷ್ಯನನ್ನು ಶಪಿಸುತ್ತಾ ಕೂರುವಂತೆ ಮಾಡಿದ ಮೇಲೆ. ಅನಸೂಯಾಳ ಸಿಟ್ಟು ಇಳಿಯಲಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಅವಳಿಗಿರಲಿಲ್ಲ. ಹವಾಲ್ದಾರನ ಕಡೆ ತಿರುಗಿದಳು.

"ಬರಕೋರಿ. ವಾದಿರಾಜ ಕಟ್ಟಿ. ಇವತ್ತ ಆಕಾಶ ತೆಗದವನೂ ಅವನ, ಅವತ್ತಿಂದು ಮುಚ್ಚಿಟ್ಟವನೂ ಅವನ. ಎರಡೂ ಬರಕೋರಿ."

ಹವಾಲ್ದಾರ ಬರೆದುಕೊಂಡ. "ಅವಂಗ ಸುಮ್ಮನಿರು ಅಂದವರ ಹೆಸರು?"

"ಅದು ನನಗ ಗೊತ್ತಿಲ್ಲ," ಎಂದಳು ಅನಸೂಯಾ. "ಈ ಅವ್ವನ್ನ ಅವನ ಮುಂದ ಕುಂದರಿಸ್ರಿ. ಅವ ಹೇಳ್ತಾನ."

ಮಾಳವ್ವ ಆಗಲೇ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಕಲ್ಲುದಿನ್ನೆಯ ದಾರಿ ಯಾವುದೆಂದು ಕೇಳುತ್ತಿದ್ದಳು.